ನಿನ್ನೆ ಬಂದ ಕಾಕಾ

ಕಲಬುರಗಿ ಕಡೆಯ ಭಂಕೂರಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ನೋಟ್‌ಬುಕ್ಕಿನಲ್ಲಿ ಹೀಗೊಂದು ಇಂಗ್ಲಿಷ್ ವಾಕ್ಯ ಇತ್ತು: ‘ದ ಯೆಸ್ಟರ್‌ಡೇ ಕೇಮ್ ಮ್ಯಾನ್ ಈಸ್ ಮೈ ಅಂಕಲ್.’ ಅದರ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಿತ್ತು. ಯಾಕೆ ತಪ್ಪು ಎಂದು ಪಕ್ಕದಲ್ಲಿ ಒಂದಕ್ಷರವೂ ಇರಲಿಲ್ಲ. ಏನು ಬರೆದಿದ್ದೀಯಪ್ಪಾ ಎಂದು ಕೇಳಿದೆ. ‘ನಿನ್ನಿ ಬಂದ ಮನುಷ್ಯಾ ನಮ್ಮ ಕಾಕಾ ಹಾನ್ರಿ ಸರ್. ಅದರಾಗ ಏನ್ ತಪ್ಪದ?’ ಎಂದ.

ನ್ಯಾಯವಾದ ಪ್ರಶ್ನೆ. ಕನ್ನಡದಲ್ಲಿ ‘ಬಂದ’ ಎಂಬ ರೂಪಕ್ಕೆ ಎರಡು ಕೆಲಸ. ‘ಕಾಕಾ ನಿನ್ನೆ ಬಂದ’ ಎಂದರೆ ಮಾತು ಮುಗಿಯಿತು. ‘ನಿನ್ನೆ ಬಂದ ಕಾಕಾ’ ಎಂದರೆ ಮುಗಿಯಲಿಲ್ಲ, ಕೇಳುವವನು ಮುಂದೇನು ಎಂದು ಬಾಯಿ ನೋಡುತ್ತಾನೆ. ಮೊದಲನೆಯದು ಪೂರ್ಣ ಕ್ರಿಯಾಪದ, ಎರಡನೆಯದು ಕೃದಂತ. ಕಾಕಾನ ಬದಲು ಕಾಕು ಬಂದಿದ್ದರೆ ಗುಟ್ಟು ಅಲ್ಲೇ ಬಯಲಾಗುತ್ತಿತ್ತು: ‘ಕಾಕು ನಿನ್ನೆ ಬಂದಳು’, ಆದರೆ ‘ನಿನ್ನೆ ಬಂದ ಕಾಕು’. ಮಾತು ಮುಗಿಸುವ ಕ್ರಿಯಾಪದ ಹೆಣ್ಣು, ಗಂಡು, ಒಬ್ಬರು, ಹಲವರು ಎಂದು ನೋಡಿಕೊಂಡು ಬಾಲ ಬದಲಿಸುತ್ತದೆ. ಕೃದಂತಕ್ಕೆ ಆ ಗೊಡವೆ ಇಲ್ಲ. ಇಂಗ್ಲಿಷಿನ ‘ಕೇಮ್’ ಮಾತು ಮುಗಿಸುವ ಪದ, ಅದನ್ನು ನಾಮಪದದ ಮುಂದೆ ತಂದು ಕೂರಿಸಿದರೆ ಕೂರುವುದಿಲ್ಲ. ಹೀಗಾಗಿ ಅಲ್ಲಿ ‘ಹೂ ಕೇಮ್ ಯೆಸ್ಟರ್‌ಡೇ’ ಎಂಬ ಇಡೀ ಕ್ಲಾಜನ್ನು ಮನುಷ್ಯನ ಹಿಂದೆ ಕಟ್ಟಬೇಕು. ಹುಡುಗನಿಗೆ ಇಷ್ಟು ಹೇಳಿದರೆ ಸಾಕಿತ್ತು.

ವರ್ಬಲ್, ಫ್ರೇಸ್, ಕ್ಲಾಜ್ ಎಂಬ ಮೂರು ಪದಗಳು ನಮ್ಮ ಹೈಸ್ಕೂಲಿನ ಮಕ್ಕಳಿಗೆ ಮೂರು ಗುಮ್ಮಗಳಾಗಿ ಕೂತಿವೆ. ಕ್ಲಾಜ್ ಎನ್ನುವುದನ್ನು ನಮ್ಮ ಕಡೆ ಕ್ಲಾಸ್ ಎಂದೇ ಉಚ್ಚರಿಸುವುದರಿಂದ, ‘ನೌನ್ ಕ್ಲಾಸ್ ಎಷ್ಟನೇ ಕ್ಲಾಸಿನಾಗ ಬರ್ತದ್ರಿ’ ಎಂದು ಕೇಳುವವರೂ ಇದ್ದಾರೆ. ಇವನ್ನು ಕುರಿತು ಹಳೆಯವರು ಏನು ಹೇಳಿದ್ದಾರೆ, ಹೊಸಬರು ಏನು ಹೇಳುತ್ತಾರೆ, ಶಹಾಬಾದ್, ವಾಡಿ, ಸೇಡಂ ಸುತ್ತಿನ ನಮ್ಮ ಮಕ್ಕಳಿಗೆ ಅದರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಎಂದು ನೋಡುವುದು ಇಲ್ಲಿಯ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕನ್ನಡದ ಮಗುವಿಗೆ ವರ್ಬಲ್ ಹೊಸದಲ್ಲ, ಹೊಸದಾಗಿರುವುದು ಕ್ಲಾಜು. ನಾವು ಪಾಠವನ್ನು ತಿರುವುಮುರುವು ಮಾಡುತ್ತಿದ್ದೇವೆ.

ವ್ಯಾಕರಣ ಈ ನೆಲಕ್ಕೆ ಹೊರಗಿನಿಂದ ಬಂದ ಸರಕೇನೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಊರು, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಆಸ್ಥಾನದಿಂದ 9ನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ ಬಂತು. ಅದೇ ಕಾಲದಲ್ಲಿ ಜೈನ ವೈಯಾಕರಣ ಪಾಲ್ಯಕೀರ್ತಿ ಶಾಕಟಾಯನ ಸಂಸ್ಕೃತಕ್ಕೆ ವ್ಯಾಕರಣ ಬರೆದು, ಅದರ ವೃತ್ತಿಗೆ ರಾಜನ ಹೆಸರನ್ನೇ ಇಟ್ಟು ‘ಅಮೋಘವೃತ್ತಿ’ ಎಂದು ಕರೆದ. ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ವೇದ ಓದುವ 200 ಮಂದಿ, ಶಾಸ್ತ್ರ ಓದುವ 50 ಮಂದಿಯ ಜೊತೆಗೆ ಪುಸ್ತಕ ನೋಡಿಕೊಳ್ಳುವ 6 ಮಂದಿ ಸರಸ್ವತೀ ಭಂಡಾರಿಗಳ ಲೆಕ್ಕವೂ ಇದೆ. ಇಂದಿನ ಎಷ್ಟು ಹೈಸ್ಕೂಲುಗಳಲ್ಲಿ ಒಬ್ಬ ಭಂಡಾರಿಯಾದರೂ ಇದ್ದಾನೆ ಎಂದು ಕೇಳಬೇಡಿ.

ನಮ್ಮ ವಿಷಯಕ್ಕೆ ಹತ್ತಿರದವನು ಕೇಶಿರಾಜ. 13ನೆಯ ಶತಮಾನದ ಅವನ ‘ಶಬ್ದಮಣಿದರ್ಪಣ’ ನಾಮಪ್ರಕೃತಿಗಳನ್ನು ನಾಲ್ಕು ಬಗೆಯಾಗಿ ಎಣಿಸುತ್ತದೆ, ಅದರಲ್ಲಿ ಒಂದು ಕೃತ್ ಪ್ರತ್ಯಯದಿಂದ ಆದದ್ದು. ಧಾತುವಿನಿಂದ ಹುಟ್ಟಿದ್ದರೂ ನಾಮಪದದ ಮನೆಯಲ್ಲಿ ಬಾಳುವ ಪದ ಅದು. ಹುಟ್ಟಿದ್ದು ಕ್ರಿಯೆಯ ಹೊಟ್ಟೆಯಲ್ಲಿ, ನಡೆದುಕೊಳ್ಳುವುದು ನಾಮದ ಹಾಗೆ. ಇಂಗ್ಲಿಷ್ ಪುಸ್ತಕಗಳು ವರ್ಬಲ್‌ಗೆ ಕೊಡುವ ವ್ಯಾಖ್ಯೆಯೂ ಸರಿಸುಮಾರು ಇದೇ.

ಇದೆಲ್ಲ ನಮ್ಮ ಮಕ್ಕಳಿಗೆ ಗೊತ್ತಿಲ್ಲದ್ದೇನಲ್ಲ. ಕನ್ನಡ ಮೇಷ್ಟ್ರು ಕೃದಂತನಾಮ, ಕೃದಂತಭಾವನಾಮ, ಕೃದಂತಾವ್ಯಯ ಎಂದು ಬೋರ್ಡಿನ ಮೇಲೆ ಬರೆಸುತ್ತಾರೆ. ‘ಮಾಡಿದ, ಮಾಡುವ, ಮಾಡದ’ ಮೊದಲನೆಯದು. ‘ಮಾಟ, ಓಟ, ಓದುವಿಕೆ’ ಎರಡನೆಯದು. ‘ಮಾಡಿ, ಮಾಡುತ್ತಾ, ಮಾಡದೆ, ಮಾಡಲು’ ಮೂರನೆಯದು. ಗಂಟೆ ಹೊಡೆಯುತ್ತದೆ. ಯಾರೋ ಬೋರ್ಡು ಒರೆಸುತ್ತಾರೆ. ಇಂಗ್ಲಿಷ್ ಮೇಷ್ಟ್ರು ಬಂದು ಪಾರ್ಟಿಸಿಪಲ್, ಗೆರಂಡ್, ಇನ್ಫಿನಿಟಿವ್ ಎಂದು ಅದೇ ಜಾಗದಲ್ಲಿ ಬರೆಯುತ್ತಾರೆ. ಎರಡೂ ಒಂದೇ ಜಾತಿಯ ಗಿಡಗಳು ಎಂದು ಯಾರೂ ಹೇಳುವುದಿಲ್ಲ. ನಾನು ಓದಿದ ಶಾಲೆಯಲ್ಲೂ ಯಾರೂ ಹೇಳಲಿಲ್ಲ, ನನಗೆ ಹೊಳೆದದ್ದು ಡಿಗ್ರಿ ಮುಗಿದ ಮೇಲೆ.

ಈ ಭಾಗದ ಹಿರಿಯರಿಗೆ ಇನ್ನೊಂದು ಬಾಗಿಲಿತ್ತು. 1948ರವರೆಗೆ ಇದು ನಿಜಾಮರ ಸೀಮೆ. ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದು. ಉರ್ದು ವ್ಯಾಕರಣದಲ್ಲಿ ‘ಮಸ್ದರ್’ ಎಂಬುದೊಂದಿದೆ: ಪಢ್‌ನಾ, ಜಾನಾ, ಖಾನಾ. ‘ಪಢ್‌ನಾ ಅಚ್ಛಾ ಹೈ’ ಎಂದರೆ ಅದು ಗೆರಂಡ್, ‘ಪಢ್‌ನಾ ಚಾಹತಾ ಹೂಂ’ ಎಂದರೆ ಇನ್ಫಿನಿಟಿವ್. ಒಂದೇ ರೂಪ, ಎರಡು ಕೆಲಸ. ಇದಕ್ಕಿಂತ ಉಪಯೋಗಕ್ಕೆ ಬರುವಂಥದ್ದು ಇಸ್ಮೆ ಫಾಯಿಲ್ ಮತ್ತು ಇಸ್ಮೆ ಮಫೂಲ್, ಅಂದರೆ ಮಾಡುವವನ ಹೆಸರು ಮತ್ತು ಮಾಡಿಸಿಕೊಂಡವನ ಹೆಸರು. ಜಾಲಿಂ ಹಿಂಸೆ ಕೊಡುವವನು, ಮಜ್ಲೂಂ ಹಿಂಸೆ ತಿಂದವನು. ಆಲಿಂ ತಿಳಿದವನು, ಮಾಲೂಂ ತಿಳಿದುಬಂದದ್ದು. ‘ಮಾಲೂಮ್ ಅದ ಏನ್ರಿ’ ಎಂದು ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಕೇಳುವವರಿಗೆ ತಾವು ಅರಬ್ಬೀ ಕರ್ಮಣಿ ಕೃದಂತ ಬಳಸುತ್ತಿದ್ದೇವೆ ಎಂಬ ಸುಳಿವೂ ಇರುವುದಿಲ್ಲ.

ಇದನ್ನು ಯಾಕೆ ಎತ್ತಿದೆ ಎಂದರೆ, ಇಂಗ್ಲಿಷಿನ ಎರಡು ಪಾರ್ಟಿಸಿಪಲ್‌ಗಳ ನಡುವಿನ ವ್ಯತ್ಯಾಸ ಇದೇ. ‘ಬ್ರೇಕಿಂಗ್’ ಒಡೆಯುವುದು, ‘ಬ್ರೋಕನ್’ ಒಡೆಸಿಕೊಂಡದ್ದು. ಕನ್ನಡದ ಕೃದಂತ ಲೆಕ್ಕ ಇಡುವುದು ಕಾಲದ್ದು: ಒಡೆದ ಆಗಿ ಹೋದದ್ದು, ಒಡೆಯುವ ಆಗಲಿರುವುದು. ಯಾರು ಒಡೆದರು, ಯಾರು ಒಡೆಸಿಕೊಂಡರು ಎಂಬುದು ಅದಕ್ಕೆ ಬೇಕಿಲ್ಲ. ‘ಕಲ್ಲು ಒಡೆದ ಕೂಲಿಯವ’ ಎಂದರೂ ‘ಒಡೆದ’, ‘ಕೂಲಿಯವ ಒಡೆದ ಕಲ್ಲು’ ಎಂದರೂ ಅದೇ ‘ಒಡೆದ’. ಶಹಾಬಾದಿನ ಪರಸಿ ಕಲ್ಲಿನ ಗಣಿಯಲ್ಲಿ ದಿನವಿಡೀ ಈ ಮಾತು ಆಡುವವರಿಗೆ ಗೊಂದಲವೇ ಆಗುವುದಿಲ್ಲ, ಸುತ್ತಲಿನ ಪದಗಳೇ ಹೇಳುತ್ತವೆ. ಆದರೆ ಇಂಗ್ಲಿಷಿಗೆ ಹೋದ ಕೂಡಲೇ ಹುಡುಗಿ ಎದ್ದು ನಿಂತು ‘ಐ ಆಮ್ ಬೋರಿಂಗ್ ಸರ್’ ಎನ್ನುತ್ತಾಳೆ. ತನಗೆ ಬೇಸರವಾಗಿದೆ ಎನ್ನಲು ಹೋಗಿ ತಾನೇ ಬೇಸರ ತರಿಸುವವಳು ಎಂದಳು. ಕ್ಲಾಸೆಲ್ಲ ನಗುತ್ತದೆ. ಉರ್ದು ಕಲಿತ ಅವಳ ಮುತ್ತಜ್ಜ ಇದ್ದಿದ್ದರೆ ಜಾಲಿಂ ಮಜ್ಲೂಂ ಎಂದು ಎರಡೇ ಮಾತಿನಲ್ಲಿ ತಿದ್ದಿಬಿಡುತ್ತಿದ್ದ.

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳ ಕಡೆಗೆ ತಿರುಗೋಣ. ಉತ್ತರ ಭಾರತದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ನೆಸ್‌ಫೀಲ್ಡ್ 19ನೆಯ ಶತಮಾನದ ಕೊನೆಯಲ್ಲಿ ಬರೆದ ಪುಸ್ತಕಗಳು ದೇಶದ ಉದ್ದಗಲಕ್ಕೂ ಹಬ್ಬಿದವು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಈ ರೆನ್ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವನು. ಅವನ ಕಾದಂಬರಿ ಓದಿದವರು ಈಗ ಕಡಿಮೆ, ವ್ಯಾಕರಣ ಮಾತ್ರ ಇಂದಿಗೂ ನೌಕರಿ ಪರೀಕ್ಷೆಗೆ ಕೂರುವವರ ಕಂಕುಳಲ್ಲಿದೆ. ಇವರ ಲೆಕ್ಕ ಸರಳ. ಕರ್ತೃ ಮತ್ತು ಪೂರ್ಣ ಕ್ರಿಯಾಪದ ಎರಡೂ ಇದ್ದರೆ ಕ್ಲಾಜು. ಇಲ್ಲದಿದ್ದರೆ ಫ್ರೇಸು. ‘ಟು ಗೋ ಹೋಮ್’ ಫ್ರೇಸು, ‘ದಟ್ ಹಿ ವೆಂಟ್ ಹೋಮ್’ ಕ್ಲಾಜು.

ಆಮೇಲಿನ ಪಂಡಿತರು ಈ ಬೇಲಿಯನ್ನು ಒಪ್ಪಲಿಲ್ಲ. 1985ರಲ್ಲಿ ರ್‍ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು ತಂದ ದೊಡ್ಡ ವ್ಯಾಕರಣ, ಕ್ರಿಯಾಪದ ಪೂರ್ಣವಲ್ಲದಿದ್ದರೂ ಅದು ಕ್ಲಾಜೇ ಎಂದಿತು. ‘ಟು ಗೋ ಹೋಮ್’ನಲ್ಲೂ ಹೋಗುವವನೊಬ್ಬ ಅಡಗಿದ್ದಾನೆ, ಕಾಣುತ್ತಿಲ್ಲ ಅಷ್ಟೇ ಎಂಬುದು ಅವರ ವಾದ. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಂ ಇನ್ನೂ ಮುಂದೆ ಹೋಗಿ ಗೆರಂಡ್, ಪಾರ್ಟಿಸಿಪಲ್ ಎಂಬ ಭೇದವನ್ನೇ ಕೈಬಿಟ್ಟು ‘ಇಂಗ್’ ಕೊನೆಯುಳ್ಳದ್ದಕ್ಕೆಲ್ಲ ಒಂದೇ ಹೆಸರು ಕೊಟ್ಟರು. ಅವರ ವಾದದಲ್ಲಿ ಹುರುಳಿದೆ. ಹಳೆಯ ಇಂಗ್ಲಿಷಿನಲ್ಲಿ ‘ಎಂಡೆ’ ಎಂಬ ಕೊನೆ ಬೇರೆ, ‘ಉಂಗ್’ ಎಂಬ ಕೊನೆ ಬೇರೆ ಇದ್ದವು, ಕಾಲ ಕಳೆದಂತೆ ಎರಡೂ ಒಂದೇ ‘ಇಂಗ್’ ಆಗಿ ಕೂಡಿಕೊಂಡವು. ಕೂಡಿದ್ದನ್ನು ಮತ್ತೆ ಬಿಡಿಸಿ ಮಕ್ಕಳಿಗೆ ಪ್ರಶ್ನೆ ಹಾಕುವುದು ಯಾಕೆ ಎಂದು ಅವರು ಕೇಳಿದರು.

ನಮ್ಮ ಮಕ್ಕಳ ಮಟ್ಟಿಗೆ ನನಗೆ ಹಳೆಯ ಭೇದವೇ ಒಳ್ಳೆಯದು ಅನಿಸುತ್ತದೆ, ಕಾರಣ ಕನ್ನಡದಲ್ಲಿ ಆ ಭೇದ ಜೀವಂತವಾಗಿದೆ. ಇಂಗ್ಲಿಷ್ ಪರೀಕ್ಷೆಗಳ ಒಂದು ಹಳೆಯ ಪ್ರಶ್ನೆ ನೋಡಿ: ‘ಹಿ ಸ್ಟಾಪ್ಡ್ ಸ್ಮೋಕಿಂಗ್’ ಮತ್ತು ‘ಹಿ ಸ್ಟಾಪ್ಡ್ ಟು ಸ್ಮೋಕ್’, ವ್ಯತ್ಯಾಸವೇನು? ಇಂಗ್ಲಿಷಿನಲ್ಲೇ ವಿವರಿಸಲು ಹೊರಟರೆ ಒಂದು ಪುಟ ಬೇಕು. ಭಂಕೂರಿನ ಮಾತಿನಲ್ಲಿ ಹೇಳಿ: ‘ಬೀಡಿ ಸೇದೋದು ಬಿಟ್ಟ’, ‘ಬೀಡಿ ಸೇದ್ಲಾಕ ನಿಂತ’. ಮುಗಿಯಿತು. ಸೇದೋದು ಗೆರಂಡು, ಸೇದ್ಲಾಕ ಇನ್ಫಿನಿಟಿವು. ನಮ್ಮ ಕಡೆಯ ವರ್ತಮಾನಕಾಲವೂ ಇನ್ಫಿನಿಟಿವಿನ ಮೇಲೆಯೇ ನಿಂತಿದೆ: ‘ಹೋಗಲಿಕ್ಕೆ ಹತ್ತೀನಿ’ ಎಂಬುದು ಸವೆದು ಸವೆದು ‘ಹೋಗಲಾಕತ್ತೀನಿ’ ಆಗಿದೆ. ನಿಮಿಷಕ್ಕೆ ನಾಲ್ಕು ಸಲ ವರ್ಬಲ್ ಆಡುವ ಮಗುವಿಗೆ ವರ್ಬಲ್ ಕಷ್ಟ ಎಂದು ಹೇಳಿ ಹೆದರಿಸಿದವರು ನಾವು.

ಫ್ರೇಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕನ್ನಡಿಯಲ್ಲಿ ಕಂಡ ಕನ್ನಡ. ‘ಬೇವಿನ ಗಿಡದ ನೆರಳಾಗ’ ಎಂಬುದನ್ನು ಬಾಲದ ಕಡೆಯಿಂದ ಓದಿಕೊಂಡು ಬಂದರೆ ಇಂಗ್ಲಿಷ್ ಫ್ರೇಸಿನ ಕ್ರಮ ಸಿಗುತ್ತದೆ: ಒಳಗೆ, ನೆರಳು, ಗಿಡ, ಬೇವು. ಕೊನೆಯ ಎರಡು ಮಾತ್ರ ಜಾಗ ಬದಲಿಸಬೇಕು. ಮಕ್ಕಳು ಇದನ್ನು ಆಟದ ಹಾಗೆ ಕಲಿಯುತ್ತಾರೆ.

ನಿಜವಾದ ಕುಸ್ತಿ ಕ್ಲಾಜಿನದು. ಕನ್ನಡದ ಒಂದು ವಾಕ್ಯಕ್ಕೆ ಸಾಮಾನ್ಯವಾಗಿ ಒಂದೇ ಪೂರ್ಣ ಕ್ರಿಯಾಪದ, ಅದೂ ಕೊನೆಯಲ್ಲಿ. ಉಳಿದ ಕ್ರಿಯೆಗಳೆಲ್ಲ ಕೃದಂತದ ವೇಷ ಹಾಕಿಕೊಂಡು ಸಾಲಾಗಿ ನಿಲ್ಲುತ್ತವೆ. ‘ಮುಂಜಾನೆ ಎದ್ದು, ಮಾರಿ ತೊಳಕೊಂಡು, ಚಹಾ ಕುಡಿದು, ಬುತ್ತಿ ಕಟಗೊಂಡು ಗಣಿಗೆ ಹೋದ.’ ಎಷ್ಟು ಬೇಕಾದರೂ ಪೋಣಿಸಬಹುದು, ದಾರ ಹರಿಯುವುದಿಲ್ಲ. ಇಂಗ್ಲಿಷಿಗೆ ಇಷ್ಟು ಉದ್ದದ ಕೃದಂತದ ಸರ ಆಗಿಬರುವುದಿಲ್ಲ. ಅಲ್ಲಿ ಎದ್ದ, ತೊಳೆದ, ಕುಡಿದ ಎಂದು ಎಲ್ಲವನ್ನೂ ಪೂರ್ಣ ಕ್ರಿಯಾಪದ ಮಾಡಿ ಕೊನೆಗೊಂದು ‘ಆ್ಯಂಡ್’ ಹಾಕುತ್ತಾರೆ.

ಇದರಲ್ಲೇ ಇನ್ನೊಂದು ಗುಂಡಿ ಇದೆ. ‘ಮಳೆ ಬಂದು ರಸ್ತೆ ಕೆಟ್ಟಿತು’ ಎನ್ನುತ್ತೇವೆ. ಬಂದದ್ದು ಮಳೆ, ಕೆಟ್ಟದ್ದು ರಸ್ತೆ. ಕರ್ತೃಗಳು ಎರಡು, ಆದರೂ ವಾಕ್ಯಕ್ಕೆ ಏನೂ ಆಗಿಲ್ಲ. ಇಂಗ್ಲಿಷಿನ ಪಾರ್ಟಿಸಿಪಲ್ ತನ್ನ ಕರ್ತೃವನ್ನು ಹೇಳದಿದ್ದರೆ, ಮುಖ್ಯ ವಾಕ್ಯದ ಕರ್ತೃವೇ ಅದರ ಯಜಮಾನ. ‘ವಾಕಿಂಗ್ ಟು ಸ್ಕೂಲ್, ದ ರೇನ್ ಸ್ಟಾರ್ಟೆಡ್’ ಎಂದು ಬರೆದರೆ ಮಳೆಯೇ ಚೀಲ ಹಾಕಿಕೊಂಡು ಶಾಲೆಗೆ ನಡೆದಂತಾಗುತ್ತದೆ. ಅವರು ಇದಕ್ಕೆ ಜೋತಾಡುವ ಪಾರ್ಟಿಸಿಪಲ್ ಎಂದು ಹೆಸರಿಟ್ಟು ನಗುತ್ತಾರೆ. ಕನ್ನಡದಲ್ಲಿ ‘ಸಾಲಿಗೆ ಹೊಂಟಾಗ ಮಳಿ ಶುರುವಾತು’ ಎಂದರೆ ಯಾರೂ ನಗುವುದಿಲ್ಲ. ಕರ್ತೃ ಬದಲಾದ ಕೂಡಲೇ ಇಂಗ್ಲಿಷಿನಲ್ಲಿ ವರ್ಬಲ್ ಬಿಟ್ಟು ಕ್ಲಾಜಿಗೆ ಹಾರು ಎಂಬ ಒಂದು ಸೂತ್ರ ಹೇಳಿಕೊಟ್ಟರೆ ಅರ್ಧ ತಪ್ಪುಗಳು ಮಾಯವಾಗುತ್ತವೆ. ನನ್ನ ಅನುಭವದಲ್ಲಂತೂ ಆಗಿವೆ.

ಇದಕ್ಕಿಂತ ಸೊಗಸಾದದ್ದು ‘ಓದಿದ’ ಎಂಬ ಒಂದು ಪದದ ಕಥೆ. ಅಜ್ಜ ಓದಿದ ಪುಸ್ತಕ, ಪುಸ್ತಕ ಓದಿದ ಅಜ್ಜ, ಅಜ್ಜ ಓದಿದ ಸಾಲಿ, ಅಜ್ಜ ಓದಿದ ವರ್ಷ, ಅಜ್ಜ ಓದಿದ ಕಾರಣ, ಕೊನೆಗೆ ಅಜ್ಜ ಓದಿದ ಚಾಳೀಸು. ಆರು ಕಡೆಯೂ ‘ಓದಿದ’ ಅಲ್ಲಾಡಲಿಲ್ಲ. ಇಂಗ್ಲಿಷಿನವನು ಪುಸ್ತಕಕ್ಕೆ ‘ವಿಚ್’, ಅಜ್ಜನಿಗೆ ‘ಹೂ’, ಸಾಲಿಗೆ ‘ವೇರ್’, ವರ್ಷಕ್ಕೆ ‘ವೆನ್’, ಕಾರಣಕ್ಕೆ ‘ವೈ’, ಚಾಳೀಸಿಗೆ ‘ವಿತ್ ವಿಚ್’ ಎಂದು ಆರು ಬೀಗಕ್ಕೆ ಆರು ಕೀಲಿ ಇಟ್ಟುಕೊಂಡಿದ್ದಾನೆ. ಕನ್ನಡದಲ್ಲಿ ಸಾಲಿಗೂ ಓದಿಗೂ ಏನು ಸಂಬಂಧ ಎಂಬುದನ್ನು ಕೇಳುವವನ ಲೋಕಜ್ಞಾನಕ್ಕೆ ಬಿಡುತ್ತೇವೆ. ಇಂಗ್ಲಿಷ್ ಅದನ್ನು ಬಾಯಿಬಿಟ್ಟು ಹೇಳಿಸುತ್ತದೆ. ನಮ್ಮ ಹುಡುಗ ‘ದ ಸ್ಕೂಲ್ ವಿಚ್ ಐ ಸ್ಟಡೀಡ್’ ಎಂದು ಬರೆದು ‘ಇನ್’ ಬಿಡುವುದು ಇದೇ ಕಾರಣಕ್ಕೆ. ಅವನ ಭಾಷೆ ಅವನಿಂದ ಎಂದೂ ಆ ‘ಇನ್’ ಕೇಳಿಲ್ಲ.

ಕನ್ನಡ ಬಲ್ಲವರಲ್ಲಿ ಈ ವಿಷಯಕ್ಕೆ ಕೈಹಾಕಿದವರು ಹಲವರು. ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ತಲೆಮಾರುಗಳಿಗೆ ಕೃದಂತ ಕಲಿಸಿದೆ. ಎಸ್.ಎನ್. ಶ್ರೀಧರ್ 1990ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಇಂಥ ರಚನೆಗಳನ್ನೆಲ್ಲ ಜಗತ್ತಿನ ಭಾಷಾಶಾಸ್ತ್ರಜ್ಞರ ಮುಂದೆ ಬಿಡಿಸಿಟ್ಟಿತು. ಡಿ.ಎನ್. ಶಂಕರ ಭಟ್ ಅವರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಹೊರಟವರು. ಸಂಸ್ಕೃತದ ಅಚ್ಚನ್ನು ಕನ್ನಡದ ಮೇಲೆ ಒತ್ತಬೇಡಿ ಎಂಬುದು ಅವರ ತಕರಾರು. ಅದೇ ತಕರಾರನ್ನು ಇಂಗ್ಲಿಷಿನ ಅಚ್ಚಿಗೂ ಹೇಳಬೇಕು. ನಮ್ಮ ಕನ್ನಡ ಪಠ್ಯಗಳಲ್ಲಿ ಬರುವ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂಬ ವಿಂಗಡಣೆ ಇಂಗ್ಲಿಷ್ ವ್ಯಾಕರಣದ ಅಳತೆಗೆ ಹೊಲಿದ ಅಂಗಿ. ಕನ್ನಡದ ಮೈಗೆ ಅದು ಕೆಲವು ಕಡೆ ಸಡಿಲ, ಕೆಲವು ಕಡೆ ಬಿಗಿ. ಆದರೆ ಶಂಕರ ಭಟ್ಟರ ಹೊಸ ಪರಿಭಾಷೆಯನ್ನು ಶಾಲೆಗೆ ತಂದರೆ ಮಕ್ಕಳಿಗೆ ಮೂರನೆಯದೊಂದು ಹೆಸರಿನ ಪಟ್ಟಿ ಸಿಕ್ಕೀತೇ ಹೊರತು ಕಷ್ಟ ಇಳಿಯದು. ಹೆಸರಿಗಿಂತ ಹೋಲಿಕೆ ಮುಖ್ಯ.

ಇನ್ನು ‘ಅಂತ’. ಇಂಗ್ಲಿಷಿನ ನೌನ್ ಕ್ಲಾಜು ‘ದಟ್’ ಎಂಬ ಕೊಂಡಿಯಿಂದ ಶುರುವಾಗುತ್ತದೆ. ಅದರ ಮೂಲ ‘ಅದು’ ಎಂದು ತೋರಿಸುವ ಪದ. ನಮ್ಮ ಕೊಂಡಿ ವಾಕ್ಯದ ಬಾಲಕ್ಕೆ ಬರುತ್ತದೆ, ಅದು ಸ್ವತಃ ಒಂದು ವರ್ಬಲ್. ಎನ್ನು ಧಾತುವಿನ ‘ಎಂದು’, ಆಡುಮಾತಿನ ‘ಅಂತ’, ಎರಡರ ಅರ್ಥವೂ ‘ಹೇಳಿ’. ‘ಸಾಲಿ ಸೂಟಿ ಅದ ಎಂಬ ಸುದ್ದಿ’ ಎಂಬಲ್ಲಿಯ ‘ಎಂಬ’ ಕೂಡ ಅದೇ ಧಾತುವಿನ ಕೃದಂತ. ನಮ್ಮ ಸುತ್ತಲಿನವರೂ ಹೀಗೆಯೇ ಮಾಡುತ್ತಾರೆ. ಶಹಾಬಾದಿನ ದಖ್ಖನಿ ಉರ್ದುವಿನಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’, ಚಿಂಚೋಳಿ ದಾಟಿ ಹೋದರೆ ತೆಲುಗಿನ ‘ಅನಿ’, ಪಡುವಣಕ್ಕೆ ಮರಾಠಿಯ ‘ಮ್ಹಣೂನ್’. ನಾಲ್ಕೂ ಭಾಷೆಗಳಲ್ಲಿ ಕೊಂಡಿ ಎಂದರೆ ‘ಹೇಳಿ’ ಎಂಬ ವರ್ಬಲ್ಲೇ. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಮಹಾರಾಷ್ಟ್ರದ ಗಡಿಯ ಕುಪವಾಡ ಎಂಬ ಹಳ್ಳಿಯನ್ನು ಅಭ್ಯಾಸ ಮಾಡಿ, ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ಪದಗಳು ಬೇರೆಯಾಗಿದ್ದರೂ ವಾಕ್ಯದ ಹಂದರ ಒಂದೇ ಆಗುತ್ತ ಬಂದಿದೆ ಎಂದು ತೋರಿಸಿದ್ದರು. ‘ನಮ್ಮ ಕಾಕಾ ಹಾನ್ರಿ’ ಎನ್ನುವಾಗಿನ ಆ ‘ಹಾನ’ವೂ ಇಂಥ ಒಡನಾಟದ್ದೇ ಇರಬೇಕು. ಬೆಂಗಳೂರಿನವರು ‘ಅವನು ನಮ್ಮ ಚಿಕ್ಕಪ್ಪ’ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ನಮ್ಮ ಹುಡುಗನಿಗೆ ಇಂಗ್ಲಿಷಿನ ‘ಈಸ್’ ಹಾಕಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ವಾಕ್ಯದಲ್ಲಿ ಅದೊಂದು ಸರಿಯಾಗಿಯೇ ಇತ್ತು, ಕೆಂಪು ಗೀಟು ಅದರ ಮೇಲೂ ಹಾದು ಹೋಗಿತ್ತು.

‘ಅಂತ’ದ ತೊಡಕು ಒಂದೇ. ಅದು ಆಡಿದವನ ಮಾತನ್ನು ಆಡಿದ ಹಾಗೇ ಇಟ್ಟುಕೊಳ್ಳುತ್ತದೆ. ‘ನಾ ನಾಳೆ ಬರ್ತೀನಿ ಅಂತ ಕಾಕಾ ಅಂದ.’ ಇಲ್ಲಿ ‘ನಾ’ ಎಂದರೆ ಕಾಕಾ. ಇದನ್ನು ‘ದಟ್’ ಹಾಕಿ ಹಾಗೇ ದಾಟಿಸಿದರೆ ‘ಅಂಕಲ್ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಆಗಿ, ಬರುವವನು ಕಾಕಾನ ಬದಲು ಹುಡುಗನಾಗುತ್ತಾನೆ.

ಆ ಸಂಜೆ ಹುಡುಗನ ಜೊತೆ ಇಷ್ಟನ್ನೂ ಕೂತು ಮಾಡಿದೆ. ಮನುಷ್ಯನ ಹಿಂದೆ ‘ಹೂ ಕೇಮ್ ಯೆಸ್ಟರ್‌ಡೇ’ ಕಟ್ಟಿದ. ‘ಐ’ ಹೋಗಿ ‘ಹಿ’ ಬಂತು, ‘ವಿಲ್’ ಹೋಗಿ ‘ವುಡ್’ ಬಂತು. ಪೆನ್ನಿನ ತುದಿ ಕಚ್ಚುತ್ತ ಸ್ವಲ್ಪ ಹೊತ್ತು ನೋಡಿ ಕೇಳಿದ: ‘ಎಲ್ಲಾ ಖರೇ ಸರ್. ಹಂಗಾದ್ರ ಅಂತ ಅನ್ನಾದಕ್ಕ ಇಂಗ್ಲಿಷ್‌ನಾಗ ಏನಂತಾರ?’